ಸಾಹೇಬರ ಬೆಕ್ಕಿನ ಮುಡಿ

ಜಯಣ್ಣನ ಮನೆಯಲ್ಲಿ ಆ ಬೇಸಿಗೆ ಎಲ್ಲರೂ ಮೈ ಕೆರೆದುಕೊಳ್ಳುತ್ತಿದ್ದರು. ಯಾಕೆ ಎಂದು ಮಾತ್ರ ಯಾರೂ ಹೇಳುವಂತಿರಲಿಲ್ಲ.

ಜಯಣ್ಣ ಕಚೇರಿಯಲ್ಲಿ ಮರದ ಸ್ಕೇಲನ್ನು ಕಾಲರಿನೊಳಗಿಂದ ಬೆನ್ನಿಗೆ ಇಳಿಬಿಟ್ಟು ಕೆರೆದುಕೊಳ್ಳುತ್ತಿದ್ದ. ಅವನ ತಾಯಿ ನರಸಿಂಹಮ್ಮ ಧಾರಾವಾಹಿ ನೋಡುತ್ತಲೇ ಒಂದು ಪಾದವನ್ನು ಇನ್ನೊಂದು ಪಾದದ ಮೇಲೆ ಉಜ್ಜುತ್ತಿದ್ದಳು. ಹೆಂಡತಿ ವನಜಾಕ್ಷಿ ಹೊಲಿಗೆ ಮಿಷನ್ನಿನ ಮುಂದೆ ಕೂತು ಎರಡು ಹೊಲಿಗೆಗೊಮ್ಮೆ ನಿಲ್ಲಿಸಿ ಕಣಕಾಲು ತಡವಿಕೊಳ್ಳುತ್ತಿದ್ದಳು. ಪೌಡರ್ ಡಬ್ಬಿ ವಾರಕ್ಕೊಂದು ಖಾಲಿಯಾಗುತ್ತಿತ್ತು.

"ಬೆವರುಸಾಲೆ ಕಣೇ" ಎನ್ನುತ್ತಿದ್ದ ಜಯಣ್ಣ. "ಪಾವಗಡದ ಬಿಸಿಲಿಗೆ ಬೆಟ್ಟದ ಕಲ್ಲಿಗೇ ಬೆವರುಸಾಲೆ ಏಳುತ್ತೆ. ನಮ್ಮ ಮೈ ಕೇಳ್ಬೇಕಾ?"

ಅದರ ಹೆಸರು ಚಿಗಟ. ಆ ಹೆಸರನ್ನು ಆ ಮನೆಯಲ್ಲಿ ಎತ್ತುವಂತಿರಲಿಲ್ಲ. ಯಾಕೆಂದರೆ ಚಿಗಟ ಬಂದದ್ದು ಬೆಕ್ಕಿನಿಂದ, ಬೆಕ್ಕು ಬಂದದ್ದು ಸಾಹೇಬರಿಂದ.

ರೇವಂತ್ ಸಾಹೇಬರು ಜಯಣ್ಣನ ಕಚೇರಿಯ ಮುಖ್ಯಸ್ಥರಾಗಿದ್ದವರು. ಜಯಣ್ಣನಿಗಿಂತ ಇಪ್ಪತ್ತು ವರ್ಷ ಚಿಕ್ಕವರು, ಕುರ್ಚಿಯಲ್ಲಿ ನಾಲ್ಕು ಮೆಟ್ಟಿಲು ದೊಡ್ಡವರು. ಸಂಕ್ರಾಂತಿ ಕಳೆದ ವಾರಕ್ಕೆ ಅವರಿಗೆ ವರ್ಗವಾಯಿತು. ಎಲ್ಲಿಗೆ ಎಂದು ಆದೇಶದಲ್ಲಿ ಬರೆದಿರಲಿಲ್ಲ. ಜಾಗ ತೋರಿಸುವವರೆಗೆ ಕಾಯುತ್ತಿರಬೇಕು. ಕಾಯಲು ಬೆಂಗಳೂರಿನ ಮಾವನ ಮನೆಗೆ ಹೊರಟರು, ಅಲ್ಲಿ ಬೆಕ್ಕಿಗೆ ಜಾಗವಿರಲಿಲ್ಲ. "ಪೋಸ್ಟಿಂಗ್ ಆಗೋವರೆಗೂ ನೋಡ್ಕೊಳ್ತೀರಾ ಜಯಣ್ಣ?" ಎಂದು ಕೇಳಿದರು. ಜಯಣ್ಣನ ಬಡ್ತಿಯ ಕಡತಕ್ಕೆ ಅವರ ಒಂದು ಒಳ್ಳೆಯ ಮಾತು ಬೇಕಿತ್ತು. ಅವನು ಬೆಕ್ಕಿನ ಬುಟ್ಟಿಯನ್ನು ಎರಡೂ ಕೈಯಲ್ಲಿ, ಎದೆಗಿಂತ ಮೇಲೆ ಹಿಡಿದುಕೊಂಡು, ಉತ್ಸವಮೂರ್ತಿಯನ್ನು ತರುವಂತೆ ಮನೆಗೆ ತಂದ.

ಬೆಕ್ಕು ಬಿಳಿ. ಚಪ್ಪಟೆ ಮೂಗು, ಹಳದಿ ಕಣ್ಣು, ನೆಲ ಗುಡಿಸುವಷ್ಟು ಉದ್ದ ಕೂದಲು. ಹೆಸರು ಪ್ರಿನ್ಸ್. ಜಯಣ್ಣ ಅದನ್ನು ಏಕವಚನದಲ್ಲಿ ಮಾತಾಡಿಸಲಿಲ್ಲ.

"ಪ್ರಿನ್ಸ್ ಊಟ ಮಾಡಿದ್ರಾ?" ಎಂದು ಕಚೇರಿಯಿಂದ ಬಂದವನೇ ಕೇಳುತ್ತಿದ್ದ. ಹೆಂಡತಿ ಊಟ ಮಾಡಿದಳೇ ಎಂದು ಕೇಳಿದ್ದು ಅವನಿಗೂ ನೆನಪಿಲ್ಲ, ವನಜಾಕ್ಷಿಗೂ ನೆನಪಿಲ್ಲ.

ಪ್ರಿನ್ಸ್‌ಗೆ ತಣ್ಣಗಿನ ಕೋಣೆ ಬೇಕಿತ್ತು. ಮನೆಯಲ್ಲಿ ತಣ್ಣಗಿದ್ದದ್ದು ಒಂದೇ, ಬೀದಿ ಕಡೆಗೆ ಸ್ವಂತ ಬಾಗಿಲಿದ್ದ ಆ ಚಿಕ್ಕ ಕೋಣೆ. ಅದು ವನಜಾಕ್ಷಿಯದು.

ಇಪ್ಪತ್ತು ವರ್ಷಕ್ಕೂ ಮೇಲೆ ಅವಳು ಅಡುಗೆಮನೆ ಬಾಗಿಲ ಹಿಂದೆ ಕೂತು ಹೊಲಿದಿದ್ದಳು. ಯಾರಾದರೂ ಬಂದರೆ ಮಿಷನ್ನಿಗೆ ಹೊದಿಕೆ ಮುಚ್ಚಿ ಎದ್ದುಬಿಡಬೇಕಿತ್ತು. ಮಗಳು ಮಧುಗಿರಿಗೆ ಮದುವೆಯಾಗಿ ಹೋದ ಮೇಲೆ ಆ ಕೋಣೆ ತೆರವಾಯಿತು. ಅವಳು ಯಾರನ್ನೂ ಕೇಳಲಿಲ್ಲ. ಒಂದು ಶುಕ್ರವಾರ ಮಿಷನ್ ಎಳೆದುಕೊಂಡು ಹೋಗಿ ಕಿಟಕಿಯ ಕೆಳಗೆ ಇಟ್ಟಳು, ಒಂದು ಚಾಪೆ ಹಾಸಿದಳು, ನಿಲುವುಗನ್ನಡಿ ತಂದಳು. ಬೋರ್ಡು ಬೇಡ ಎಂದ ಜಯಣ್ಣ. ಸರ್ಕಾರಿ ನೌಕರನ ಹೆಂಡತಿ ಬೋರ್ಡು ಹಾಕಿಕೊಂಡು ಕೂರುವುದೇ? ಬೋರ್ಡು ಇಲ್ಲದೆಯೂ ಹೆಂಗಸರು ಬಂದರು. ರವಿಕೆ ಅಳತೆ ಕೊಡಲು ಬಂದವರು ಅರ್ಧ ಗಂಟೆ ಕೂತು ಹೋಗುತ್ತಿದ್ದರು. ಕೈ ಎತ್ತಿ ಅಳತೆಗೆ ನಿಂತ ಹೆಂಗಸಿಗೆ ಸುಳ್ಳು ಹೇಳಲು ಬರುವುದಿಲ್ಲ ಎಂಬುದು ವನಜಾಕ್ಷಿಯ ಅನುಭವ. ಗಂಡ, ಅತ್ತೆ, ನಾದಿನಿ, ಮೈಯೊಳಗಿನ ಗಂಟು, ಎಲ್ಲವೂ ಆಗ ಹೊರಗೆ ಬರುತ್ತಿದ್ದವು. ಅವಳು ಟೇಪು ಹಿಡಿದು ಕೇಳಿಸಿಕೊಳ್ಳುತ್ತಿದ್ದಳು. ಊರಿನಲ್ಲಿ ತನಗೆ ಒಂದು ಹೆಸರು ಇದೆ, ಅದು ಜಯಣ್ಣನ ಹೆಂಡತಿ ಎಂಬುದಲ್ಲ ಎಂದು ಅವಳಿಗೆ ಗೊತ್ತಾದದ್ದು ಆ ಕೋಣೆಯಲ್ಲಿ.

ಅಂಥ ಕೋಣೆಗೆ ಪ್ರಿನ್ಸ್ ಬಂದು, ಹೊಲಿಯಲು ಇಟ್ಟ ಬಟ್ಟೆಯ ರಾಶಿಯ ಮೇಲೆ ಮಲಗಿದ.

ಮೊದಲ ತಿಂಗಳು ಜಯಣ್ಣ ತಾನೇ ಬಾಚಿದ. ಬಾಚಿದ್ದು ಮುಖದ ಸುತ್ತ ಮಾತ್ರ. ಪ್ರತಿ ಭಾನುವಾರ ಸಾಹೇಬರು ವಿಡಿಯೋ ಕಾಲ್ ಮಾಡುತ್ತಿದ್ದರು, ಪರದೆಯಲ್ಲಿ ಕಾಣುವುದು ಮುಖವಷ್ಟೇ. ಕಿವಿಯ ಹಿಂದಿನಿಂದ ಬಾಲದವರೆಗಿನ ಸಂಗತಿ ಯಾವ ವರದಿಗೂ ಸೇರಲಿಲ್ಲ. ಅಲ್ಲಿ ಕೂದಲು ಸಿಕ್ಕಾಗಿ, ಗಂಟಾಗಿ, ಗಂಟಿನ ಮೇಲೆ ಗಂಟು ಬಿದ್ದು, ಶಿವರಾತ್ರಿಯ ಹೊತ್ತಿಗೆ ಹೊಟ್ಟೆಯ ಕೆಳಗೆ ಕಂಬಳಿಯ ತುಂಡು ಕಟ್ಟಿದಂತಾಯಿತು. ಅದರೊಳಗೆ ಚಿಗಟಗಳು ತಲೆಯ ಮೇಲೆ ಸೂರು ಸಿಕ್ಕಿದವರಂತೆ ಸಂಸಾರ ಹೂಡಿದವು.

ವನಜಾಕ್ಷಿ ಬಾಯಿ ಬಿಟ್ಟಳು. "ರೀ, ಬೆಕ್ಕಿಗೆ ಚಿಗಟ ಆಗಿದೆ."

"ಮೆತ್ತಗೆ ಮಾತಾಡು!" ಜಯಣ್ಣ ಕಿಟಕಿ ಮುಚ್ಚಿದ. "ಸಾಹೇಬ್ರ ಮನೆ ಬೆಕ್ಕಿಗೆ ಚಿಗಟ ಅಂದ್ರೆ ಏನರ್ಥ? ಸಾಹೇಬ್ರ ಮನೇಲಿ ಚಿಗಟ ಇತ್ತು ಅಂತ ಅರ್ಥ. ಇಲ್ಲ, ನಮ್ಮನೇಲಿ ಬಂತು ಅಂತ ಅರ್ಥ. ಎರಡರಲ್ಲಿ ಯಾವುದು ಅವರ ಕಿವಿಗೆ ಬಿದ್ರೂ ನನ್ನ ಕಡತ ಅಲ್ಲೇ ಮಲಗುತ್ತೆ."

ಆ ಮಟ್ಟಿಗೆ ಅವನ ತರ್ಕ ಸರಿಯಾಗಿಯೇ ಇತ್ತು. ವನಜಾಕ್ಷಿ ಸುಮ್ಮನಾದಳು. ಸುಮ್ಮನಾಗುವುದು ಅವಳಿಗೆ ಹೊಲಿಗೆಗಿಂತ ಹಳೆಯ ಕಸುಬು.

ಆಗ ಅನುಪಮಾಳ ರವಿಕೆ ಬಂತು. ಅನುಪಮಾ ಹಿಂದಿನ ಬೀದಿಯ ವರಲಕ್ಷ್ಮಿಯ ಮಗಳು, ವೈಶಾಖದಲ್ಲಿ ಅವಳ ಮದುವೆ. ಒಂಬತ್ತು ರವಿಕೆ, ಅದರಲ್ಲಿ ಧಾರೆಯದಕ್ಕೆ ತೋಳು ತುಂಬ ಜರಿ ಕೆಲಸ. ವನಜಾಕ್ಷಿ ಹನ್ನೊಂದು ದಿನ ಕೂತು ನವಿಲು ಮೂಡಿಸಿದ್ದಳು. ಹುಡುಗಿ ತೊಟ್ಟು ನೋಡಿ ಕನ್ನಡಿಯ ಮುಂದೆ ತಿರುಗಿದಳು. ಚೆನ್ನಾಗಿತ್ತು, ಚರ್ಮದಂತೆ ಕೂತಿತ್ತು. ಎರಡನೇ ಸಲ ತಿರುಗಿದವಳು "ಅಯ್ಯೋ!" ಎಂದು ಸೊಂಟ ಹಿಡಿದುಕೊಂಡಳು. ಮತ್ತೆ "ಅಮ್ಮಾ!" ಎಂದು ಕಂಕುಳು ಹಿಡಿದಳು. ರವಿಕೆ ಬಿಚ್ಚಿದಾಗ ಸೊಂಟದ ಮೇಲೆ ಒಂದರ ಪಕ್ಕ ಒಂದು, ನೂಲು ಹಿಡಿದು ಗೆರೆ ಎಳೆದಂತೆ, ನಾಲ್ಕು ಕೆಂಪು ಗಂಧೆಗಳು ಎದ್ದಿದ್ದವು.

ವರಲಕ್ಷ್ಮಿ ಆ ಕೆಂಪು ನೋಡಿದಳು, ಬಟ್ಟೆಯ ಮೇಲೆ ಮಲಗಿದ್ದ ಬೆಕ್ಕನ್ನು ನೋಡಿದಳು, ವನಜಾಕ್ಷಿಯನ್ನು ನೋಡಲಿಲ್ಲ.

ಮಾರನೆಯ ದಿನ ಒಬ್ಬಳೇ ಬಂದಳು. ಚಾಪೆಯ ಮೇಲೆ ಕೂರಲಿಲ್ಲ.

"ಮಿಕ್ಕಿದ ಬಟ್ಟೆ ಕೊಟ್ಬುಡು ವನಜಕ್ಕ. ಸಿರಾದಾಗೆ ನಮ್ಮ ಅತ್ತಿಗೆ ಹೊಲೀತಾಳಂತೆ. ಅವ್ಳಿಗೆ ಬೇಜಾರಾಗ್ತದೆ, ಅದ್ಕೆ."

"ನಿಮ್ಮತ್ತಿಗೆ ಹೊಲಿಗೆ ಯಾವಾಗ ಕಲಿತ್ಲು?"

"ಕಲಿತಾವ್ಳೆ, ಈಗ" ಎಂದು ವರಲಕ್ಷ್ಮಿ ಬಾಗಿಲಿನ ಚಿಲಕವನ್ನು ನೋಡಿಕೊಂಡು ಹೇಳಿದಳು. ಬೈದಿದ್ದರೆ ಚೆನ್ನಾಗಿತ್ತು. ಆ ವಾರ ಇನ್ನು ಮೂವರು ಬಂದು ಬಟ್ಟೆ ತೆಗೆದುಕೊಂಡು ಹೋದರು. ಮೂವರಿಗೂ ಎಲ್ಲೆಲ್ಲಿಂದಲೋ ಹೊಲಿಯುವ ಅತ್ತಿಗೆಯರು ಹುಟ್ಟಿಕೊಂಡಿದ್ದರು.

ಮೂರನೆಯವಳು ಹೋದ ದಿನ ವನಜಾಕ್ಷಿ ಬೆಕ್ಕು ಮಲಗುವ ಜಾಗದಿಂದ ಮೆಣಸಿನ ಪುಡಿಯಂಥ ಕಪ್ಪು ಚುಕ್ಕಿಗಳನ್ನು, ಚಿಗಟದ ಹಿಕ್ಕೆಯನ್ನು, ಗುಡಿಸಿ ತೆಗೆದು, ಬಿಳಿ ಲೈನಿಂಗ್ ಬಟ್ಟೆಯನ್ನು ಒದ್ದೆ ಮಾಡಿ ಅದರ ಮೇಲೆ ಹಾಕಿ ನೋಡಿದಳು. ಸ್ವಲ್ಪ ಹೊತ್ತಿಗೆ ಒಂದೊಂದು ಚುಕ್ಕಿಯ ಸುತ್ತಲೂ ಕೆಂಪು ಬಿಟ್ಟುಕೊಂಡಿತು. ರಕ್ತ. ಬೆಕ್ಕಿನದೋ, ತನ್ನದೋ, ಅತ್ತೆಯದೋ. ಒಂದೇ ಬಟ್ಟೆಯ ಮೇಲೆ ಬೆರೆತಿತ್ತು. ಅದನ್ನು ಹಿಡಿದುಕೊಂಡು ಹೋಗಿ ಜಯಣ್ಣನ ಊಟದ ತಟ್ಟೆಯ ಪಕ್ಕದಲ್ಲಿ ಇಟ್ಟಳು.

"ಏನಿದು?"

"ನಿಮ್ಮ ಬೆವರುಸಾಲೆ."

ಜಯಣ್ಣ ಅನ್ನ ಬಿಟ್ಟು ಏಳಲಿಲ್ಲ, ಬಟ್ಟೆಯನ್ನು ಸರಿಸಿದ. "ಶನಿವಾರ ಸಾಹೇಬ್ರು ದೇವಸ್ಥಾನಕ್ಕೆ ಬರ್ತಾರೆ. ನಮ್ಮನೆಗೂ ಬರ್ತಾರೆ. ಅಲ್ಲೀವರೆಗೂ ಅವರ ಒಂದು ಕೂದಲು ಅಲ್ಲಾಡಬಾರದು, ತಿಳೀತಾ?" ಅವರು ಎಂದರೆ ಪ್ರಿನ್ಸ್. ಅಷ್ಟು ಹೇಳಿ, ಮಂಗಳವಾರ ಬುಧವಾರ ಎರಡು ದಿನ ತುಮಕೂರಿನಲ್ಲಿ ತರಬೇತಿ ಇದೆ ಎಂದು ಹೊರಟ. ವಿಷಯ, ಸ್ವಚ್ಛತೆ.

ಸೋಮವಾರವೇ ವನಜಾಕ್ಷಿ ಬುಟ್ಟಿಯ ಮೇಲೆ ಸೆರಗು ಮುಚ್ಚಿಕೊಂಡು ಪಶು ಆಸ್ಪತ್ರೆಗೆ ಹೋಗಿದ್ದಳು. ಡಾಕ್ಟರು ಒಂದು ಎಮ್ಮೆಯ ಕೆಲಸ ಮುಗಿಸಿ ಕೈ ತೊಳೆದುಕೊಂಡು ಬಂದು ನೋಡಿದರು. "ಈ ಗಂಟಿಗೆ ಬಾಚಣಿಗೆ ಹೋಗಲ್ಲಮ್ಮ, ಎಳೆದರೆ ಚರ್ಮ ಬರುತ್ತೆ. ಬೋಳಿಸಲೇಬೇಕು. ಆಮೇಲೆ ಕತ್ತಿನ ಹಿಂದೆ ಬಿಡೋ ಹನಿ ಬರೆದುಕೊಡ್ತೀನಿ, ಬೆಕ್ಕಿಂದೇ ಅಂತ ಕೇಳಿ ತಗೊಳ್ಳಿ. ನಾಯಿದು, ಕುರಿದು ಹಾಕಿದ್ರೆ ನೆಕ್ಕಿ ಸತ್ತುಹೋಗುತ್ತೆ. ಬೆಕ್ಕಿಗೆ ಮಾಡಿದ್ದು ಅರ್ಧ ಮಾತ್ರ, ಮಿಕ್ಕಿದ್ದರ್ಧ ಮನೆಗೆ ಮಾಡಬೇಕು. ಮೊಟ್ಟೆ ಎಲ್ಲಾ ನಿಮ್ಮ ಹಾಸಿಗೇಲಿ, ಚಾಪೇಲಿ ಇರುತ್ತೆ." ಬೋಳಿಸುವವರು ಯಾರು ಎಂದರೆ, ಬೆಂಗಳೂರಿನಲ್ಲಿ ಬೆಕ್ಕಿಗೆ ಪಾರ್ಲರ್ ಇದೆ ಎಂದರು.

ಪಾರ್ಲರಿನ ಮಾತು ಕೇಳಿ ಅವಳಿಗೆ ನೆನಪಾದದ್ದು ಜುಂಜಪ್ಪ. ಅವಳ ತವರು ಬರಗೂರಿನವನು, ಕುರಿ ಕೂದಲು ಕತ್ತರಿಸುವವನು. ರಾಯಚರ್ಲು ಕಡೆ ಸೋಲಾರ್ ಹಲಗೆಗಳ ಸಾಲಿನ ನಡುವೆ ಮೇಯುವ ಮಂದೆಗಳಿಗೆ ಬೇಸಿಗೆಗೊಮ್ಮೆ ಬರುತ್ತಿದ್ದ. ಫೋನು ಮಾಡಿದಳು. ಮಂಗಳವಾರ ಬೆಳಿಗ್ಗೆ ಬಂದ. ನರಸಿಂಹಮ್ಮ ಆಗತಾನೇ ಪಕ್ಕದ ಮನೆ ಹನುಮಕ್ಕನ ಜೊತೆ ಹಪ್ಪಳ ಒತ್ತಲು ಹೋಗಿದ್ದಳು.

ಜುಂಜಪ್ಪ ಬೆಕ್ಕನ್ನು ನೋಡಿ ಕಂಬಳಿ ಕೆಳಗಿಟ್ಟ.

"ಇದ್ಯಾವ ಸೀಮೆ ಮರಿ ವನಜಮ್ಮ? ಮೂತಿ ಮ್ಯಾಲೆ ಯಾರ್ ಕೂತ್ಕಂಡಿದ್ರು?"

"ಸಾಹೇಬ್ರ ಬೆಕ್ಕು ಜುಂಜಣ್ಣ. ಮೈ ತುಂಬ ಚಿಗಟ. ಬೋಳಿಸ್ಬೇಕು."

"ಅಂಗಾ." ಅವನು ಬೆಕ್ಕಿನ ಹೊಟ್ಟೆಯ ಕೂದಲನ್ನು ಎರಡು ಬೆರಳಲ್ಲಿ ಬಿಡಿಸಿ ನೋಡಿ ತಲೆ ಅಲ್ಲಾಡಿಸಿದ. "ನನ್ನ ಕತ್ರಿ ಆಗಾಕಿಲ್ಲ ಕಣಮ್ಮ. ಕುರಿ ಚರ್ಮ ಕಂಬಳಿ, ಇದ್ರ ಚರ್ಮ ಈರುಳ್ಳಿ ಸಿಪ್ಪೆ. ಎಲ್ಲಿ ಕೂದ್ಲು ಮುಗೀತು, ಎಲ್ಲಿ ಚರ್ಮ ಸುರುವಾಯ್ತು ಗೊತ್ತೇ ಆಗಲ್ಲ. ಗಡ್ಡ ತೆಗಿಯೋ ಮಿಷಿನ್ ಐತಾ ಮನೇಲಿ?"

ಇತ್ತು. ಜಯಣ್ಣನ ಟ್ರಿಮ್ಮರ್. ಅಳಿಯ ದೀಪಾವಳಿಗೆ ಕೊಟ್ಟದ್ದು, ಯಾರಿಗೂ ಮುಟ್ಟಲು ಬಿಡದೆ ಬೀರುವಿನಲ್ಲಿ ಇಟ್ಟದ್ದು. ವನಜಾಕ್ಷಿ ಅದನ್ನು ತೆಗೆಯುವಾಗ ಕೈ ಒಂದು ಕ್ಷಣ ತಡೆಯಿತು. ಆಮೇಲೆ ತಡೆಯಲಿಲ್ಲ.

ಬೆಕ್ಕನ್ನು ಟವೆಲ್ಲಿನಲ್ಲಿ ಸುತ್ತಿ ಅವಳ ಮಡಿಲಲ್ಲಿ ಹಿಡಿಸಿದ ಜುಂಜಪ್ಪ, ಒಂದೊಂದೇ ಕಾಲು ಹೊರಗೆ ತೆಗೆದು, ಎಡಗೈಯಿಂದ ಚರ್ಮವನ್ನು ಬಿಗಿಯಾಗಿ ಎಳೆದು ಹಿಡಿದು, ಬಲಗೈಯಿಂದ ಮಿಷನ್ ಓಡಿಸಿದ. ಐದು ನಿಮಿಷಕ್ಕೊಮ್ಮೆ ನಿಲ್ಲಿಸಿ ಅದರ ಹಲ್ಲನ್ನು ತನ್ನ ಕೆನ್ನೆಗೆ ಒತ್ತಿ ನೋಡುತ್ತಿದ್ದ. "ಕಾದೋಗ್ತದೆ ಕಣಮ್ಮ. ನನ್ ಕೆನ್ನೆಗೆ ಸುಟ್ರೆ ಅದ್ರ ಹೊಟ್ಟೆಗೆ ಬರೆ." ಗಂಟುಗಳು ಕಂಬಳಿಯ ಹಾಗೆ ಒಂದೇ ಹಾಳೆಯಾಗಿ ಎದ್ದು ಬಂದವು. ಬಂದದ್ದನ್ನೆಲ್ಲ ಸೋಪಿನ ನೀರು ತುಂಬಿದ ಬಕೆಟ್ಟಿಗೆ ಹಾಕಿಸಿದ. ಚಿಗಟಗಳು ನೀರಿನ ಮೇಲೆ ಒಮ್ಮೆ ಒದ್ದಾಡಿ ತಳಕ್ಕೆ ಇಳಿದವು.

ಕೂದಲು ಹೋದಂತೆ ವನಜಾಕ್ಷಿಯ ಮಡಿಲು ಹಗುರವಾಗುತ್ತಾ ಹೋಯಿತು. ಎಂಟು ಸೇರಿನ ರಾಜನಂತಿದ್ದ ಬೆಕ್ಕಿನೊಳಗಿಂದ ಪಕ್ಕೆಲುಬು ಎಣಿಸಬಹುದಾದ ಒಂದು ಸಣ್ಣ ಜೀವ ಹೊರಬಂತು. ಹೊಟ್ಟೆಯ ಮೇಲೆ ಗೀರಿ ಗೀರಿ ಹುಣ್ಣಾಗಿತ್ತು. ಇಷ್ಟು ದಿನ ಎಲ್ಲರೂ ಇದಕ್ಕೆ ಮರ್ಯಾದೆ ಕೊಟ್ಟರು, ಒಬ್ಬರೂ ಕೈ ಹಾಕಿ ಮುಟ್ಟಿ ನೋಡಲಿಲ್ಲ ಎಂದುಕೊಂಡಳು. ಹಾಗೆ ಅಂದುಕೊಂಡದ್ದು ಬೆಕ್ಕಿನ ಬಗ್ಗೆ ಮಾತ್ರವೇ ಎಂದು ಅವಳಿಗೆ ಖಾತ್ರಿಯಾಗಲಿಲ್ಲ. ಬೆಕ್ಕು ನಡುಗುವುದನ್ನು ನಿಲ್ಲಿಸಿ ಅವಳ ಮೊಣಕೈಯೊಳಗೆ ಮೂತಿ ಇಟ್ಟಿತು. ಮೂರು ತಿಂಗಳಲ್ಲಿ ಮೊದಲ ಸಲ ಅದರ ಗಂಟಲಿನಿಂದ ಗುರ್ ಎಂಬ ಸದ್ದು ಬಂತು.

"ಇಷ್ಟು ಸಾಕು" ಎಂದ ಜುಂಜಪ್ಪ. ಮುಖದ ಕೂದಲು, ಬಾಲದ ತುದಿಯ ಕುಚ್ಚು ಬಿಟ್ಟಿದ್ದ. ನಡುನೆತ್ತಿಯ ಮೇಲೂ ಒಂದು ಹಿಡಿ ಬಿಟ್ಟಿದ್ದ.

"ಅದ್ಯಾಕೆ ಜುಂಜಣ್ಣ, ಜುಟ್ಟು?"

"ಒಂದ್ ಹಿಡಿ ಬುಡ್ಬೇಕು ಕಣಮ್ಮ. ನಮ್ಮಪ್ಪನ ಕಾಲದಿಂದ್ಲೂ ಅಂಗೆ. ಪೂರ್ತಿ ತೆಗೆದ್ರೆ ಮುಂದಿನ ಸಲ ಕೂದ್ಲು ಮುನಿಸ್ಕೊಂತದೆ."

ಹನ್ನೊಂದು ಗಂಟೆಗೆ ನರಸಿಂಹಮ್ಮ ಹಿಟ್ಟಿನ ಕೈಯಲ್ಲೇ ಒಳಗೆ ಬಂದಳು. ಚಾಪೆಯ ಮೇಲೆ ಮೈ ಬೋಳಾಗಿ, ನೆತ್ತಿಯಲ್ಲಿ ಜುಟ್ಟು ಬಿಟ್ಟುಕೊಂಡು, ಯಾವುದೋ ಮಠದಿಂದ ನೇರ ಬಂದಂತೆ ಕೂತಿದ್ದ ಪ್ರಿನ್ಸ್ ಅವಳನ್ನು ನೋಡಿದ.

"ಓರಿ ದೇವುಡಾ! ಮಂಗಳ್ವಾರ ಬೋಳಿಸಿದ್ದೀಯಲ್ಲೇ!"

ಬೆಕ್ಕನ್ನು ಬೋಳಿಸಿದ್ದು ಅವಳಿಗೆ ದೊಡ್ಡದಾಗಿ ಕಾಣಲಿಲ್ಲ, ಮಂಗಳವಾರ ಬೋಳಿಸಿದ್ದು ಕಂಡಿತು. ಮಂಗಳವಾರ ಆ ಮನೆಯಲ್ಲಿ ಉಗುರು ಕೂಡ ತೆಗೆಯುವಂತಿಲ್ಲ. ಬಗ್ಗಿ ಬೆಕ್ಕಿನ ಜುಟ್ಟು ನೋಡಿದಳು. ಆಮೇಲೆ ಅವಳ ಮುಖ ತಾನಾಗಿಯೇ ತಿಳಿಯಾಯಿತು. "ಹರಕೆ ಆದ್ರೆ ವಾರದ ದೋಷ ಇಲ್ಲ. ಮುಡಿ ಕೊಟ್ಟಿದ್ದಲ್ವೇನೇ? ಮನೆದೇವ್ರಿಗೆ ಮುಡಿ. ಜುಟ್ಟೂ ಬುಟ್ಟವ್ರೆ, ಸರಿಯಾಗೈತೆ. ಹೂಂ ಅನ್ನೇ!"

"ಅತ್ತೆ, ಚಿಗಟ ಆಗಿತ್ತು, ಅದಕ್ಕೆ..."

"ಥೂ, ಬುಡ್ತು ಅನ್ನು. ಮುಡಿ." ನರಸಿಂಹಮ್ಮ ಹಿಟ್ಟಿನ ಕೈ ತೊಳೆದುಕೊಂಡು ಬಂದು ಬೆಕ್ಕಿನ ಬೋಳು ಬೆನ್ನಿಗೆ ಅರಿಶಿನ ಗಂಧ ಕಲಸಿ ಹಚ್ಚಿದಳು. ಹುಣ್ಣಿಗೆ ಒಳ್ಳೆಯದೇ ಎಂದು ವನಜಾಕ್ಷಿ ತಡೆಯಲಿಲ್ಲ.

ಬುಧವಾರ ಸಂಜೆ ಸ್ವಚ್ಛತೆಯ ಪ್ರಮಾಣಪತ್ರ ಹಿಡಿದು ಬಂದ ಜಯಣ್ಣ ಬಾಗಿಲಲ್ಲೇ ಕುಸಿದು ಕೂತ. ಅವನ ಬಾಯಿಂದ ಮಾತು ಬರಲು ಒಂದು ಲೋಟ ನೀರು ಬೇಕಾಯಿತು. "ಮುಗೀತು. ನನ್ನ ಸರ್ವಿಸ್ ಮುಗೀತು. ಏನಂತ ಹೇಳ್ಲಿ ಲೇ ಅವರಿಗೆ?"

"ಮುಡಿ ಕೊಟ್ವಿ ಅನ್ನು" ಎಂದಳು ನರಸಿಂಹಮ್ಮ. "ಸಾಯೇಬ್ರಿಗೆ ಜಾಗ ಸಿಗ್ಲಿ ಅಂತ ಅವ್ರ ಪಿರನ್ಸು ಮುಡಿ ಕೊಡ್ತು ಅನ್ನು."

ಜಯಣ್ಣ ನೀರು ಕುಡಿಯುವುದನ್ನು ನಿಲ್ಲಿಸಿದ. ಲೋಟ ಬಾಯಿಯ ಹತ್ತಿರವೇ ನಿಂತಿತು. ಮೂವತ್ತು ವರ್ಷ ಟಿಪ್ಪಣಿ ಬರೆದು ಪಳಗಿದವನಿಗೆ ಒಳ್ಳೆಯ ಟಿಪ್ಪಣಿ ಸಿಕ್ಕಿದರೆ ಗೊತ್ತಾಗುತ್ತದೆ. ಎದ್ದ, ಮುಖ ತೊಳೆದ, ಬೆಕ್ಕಿನ ಜುಟ್ಟಿಗೆ ಒಂದು ಎಸಳು ಮಲ್ಲಿಗೆ ಸಿಕ್ಕಿಸಿ ಫೋಟೋ ತೆಗೆದು ಸಾಹೇಬರಿಗೆ ಕಳಿಸಿದ.

ಗುರುವಾರ ಮಧ್ಯಾಹ್ನ ಸಾಹೇಬರ ಆದೇಶ ಬಂತು. ತುಮಕೂರಿನಲ್ಲೇ ಜಾಗ, ಹಳೆಯದಕ್ಕಿಂತ ದೊಡ್ಡ ಕುರ್ಚಿ.

ಅಲ್ಲಿಂದ ಮುಂದೆ ಜಯಣ್ಣನಿಗೂ ಅದು ಸುಳ್ಳಾಗಿ ಉಳಿಯಲಿಲ್ಲ. ಗುರುವಾರ ಸಂಜೆಗೆ ಬೀದಿಯವರು ಬಂದರು. ಪಕ್ಕದ ಮನೆ ಹನುಮಕ್ಕ ತೆಂಗಿನಕಾಯಿ ತಂದಳು. ಶುಕ್ರವಾರ ಕಚೇರಿಯ ಸಣ್ಣರಂಗಯ್ಯ, ಹತ್ತು ವರ್ಷದಿಂದ ವರ್ಗಕ್ಕೆ ಅರ್ಜಿ ಹಾಕುತ್ತಿದ್ದವನು, ಬಂದು ಬೆಕ್ಕಿನ ಮುಂದೆ ಅರ್ಧ ಗಂಟೆ ಕೂತು, "ಉದುರಿದ್ದ ಕೂದ್ಲು ಏನಾದ್ರೂ ಐತಾ ಅಕ್ಕ?" ಎಂದು ಕೇಳಿದ. ಬಕೆಟ್ಟಿನಲ್ಲಿದೆ ಎನ್ನಬೇಕೆಂದು ನಾಲಿಗೆಯ ತುದಿಗೆ ಬಂದಿತ್ತು ವನಜಾಕ್ಷಿಗೆ.

ವನಜಾಕ್ಷಿಗೆ ಇದ್ಯಾವುದಕ್ಕೂ ಪುರುಸೊತ್ತಿರಲಿಲ್ಲ. ಡಾಕ್ಟರು ಹೇಳಿದ ಮಿಕ್ಕಿದ್ದರ್ಧವನ್ನು ಮಾಡುತ್ತಿದ್ದಳು. ಹಾಸಿಗೆಗಳನ್ನು ತಾರಸಿಯ ಮೇಲೆ ಹಾಕಿದಳು, ಪಾವಗಡದ ಬಿಸಿಲು ಮೊದಲ ಸಲ ಅವಳ ಪರವಾಗಿ ಕೆಲಸ ಮಾಡಿತು. ಹೊದಿಕೆಗಳನ್ನೆಲ್ಲ ಕುದಿನೀರಲ್ಲಿ ಅದ್ದಿದಳು. ತನ್ನ ಕೋಣೆಯ ಸಂದುಗೊಂದನ್ನು ದಬ್ಬಳದಿಂದ ಕೆದಕಿ ಗುಡಿಸಿದಳು. ಹಳೆಯ ಚಾಪೆಯನ್ನು ಸುಟ್ಟು ಹೊಸದು ಹಾಸಿದಳು. ಬೆಕ್ಕಿನ ಕತ್ತಿನ ಹಿಂದೆ ಹನಿ ಬಿಟ್ಟಳು. ಶುಕ್ರವಾರ ಬಿಳಿ ಬಟ್ಟೆ ಹಾಸಿ ನೋಡಿದರೆ ಒಂದೂ ಚುಕ್ಕಿ ಇರಲಿಲ್ಲ.

ಆದರೂ ಯಾರೂ ಬಟ್ಟೆ ತರಲಿಲ್ಲ. ಬೆಕ್ಕಿಗೆ ಕುಂಕುಮ ಇಡಲು ಬಂದ ಹನುಮಕ್ಕನಿಗೆ "ಕೂತ್ಕೋ ಹನುಮಕ್ಕ" ಎಂದಳು. ಹನುಮಕ್ಕ ಸೀರೆಯ ನೆರಿಗೆಯನ್ನು ಒಂದು ಗೇಣು ಮೇಲೆತ್ತಿ ಹಿಡಿದುಕೊಂಡು, "ಇಲ್ಲ ಬುಡು, ಒಲೆ ಮ್ಯಾಲೆ ಹಾಲೈತೆ" ಎಂದು ನಿಂತೇ ಇದ್ದಳು. ಆಗ ವನಜಾಕ್ಷಿಗೆ ಅರ್ಥವಾಯಿತು. ಚಿಗಟವೇ ಇರಲಿಲ್ಲ ಎಂದು ಮನೆಯವರು ಹೇಳುತ್ತಿರುವಾಗ ಚಿಗಟ ಹೋಯಿತು ಎಂದು ಅವಳು ಯಾರಿಗೆ ಹೇಳುವುದು? ಹರಕೆಯ ಕಥೆ ಎಲ್ಲರಿಗೂ ಬೇಕಿತ್ತು, ಕೈ ಮುಗಿಯಲು ಬೇಕಿತ್ತು. ಕೂರಲು ಮಾತ್ರ ಯಾರೂ ಅದನ್ನು ನಂಬಿರಲಿಲ್ಲ.

ಶನಿವಾರ ಸಾಹೇಬರು ದೇವಸ್ಥಾನ ಮುಗಿಸಿಕೊಂಡು, ಹಣೆಗೆ ಅಲ್ಲಿ ಕೊಟ್ಟ ಕಪ್ಪು ಇಟ್ಟುಕೊಂಡು ಬಂದರು. ಜೊತೆಯಲ್ಲಿ ಅವರ ಹೆಂಡತಿ, ಮಾತು ಕಡಿಮೆಯ ತೆಳ್ಳನೆಯ ಹೆಂಗಸು. ಬಾಗಿಲಲ್ಲಿ ಬೀದಿಯ ಹೆಂಗಸರು ಸೇರಿದ್ದರು. ಹಿಂದಿನ ಸಾಲಿನಲ್ಲಿ ವರಲಕ್ಷ್ಮಿಯ ತಲೆ ಕಂಡಿತು ವನಜಾಕ್ಷಿಗೆ.

ಸಾಹೇಬರು ಬೆಕ್ಕಿನ ಜುಟ್ಟನ್ನು ಬೆರಳಿನಿಂದ ಮುಟ್ಟಿ ಕಣ್ಣಿಗೊತ್ತಿಕೊಂಡರು. "ಮಂಗಳವಾರ ಮುಡಿ, ಗುರುವಾರ ಆರ್ಡರ್. ನಾನು ಇಂಜಿನಿಯರಿಂಗ್ ಓದಿದವನು ಜಯಣ್ಣ, ಇದನ್ನೆಲ್ಲ ನಂಬ್ತಿರಲಿಲ್ಲ. ಆದ್ರೆ ನಲವತ್ತೆಂಟು ಗಂಟೆ!"

"ಎಲ್ಲಾ ತಮ್ಮ ಪುಣ್ಯ ಸಾರ್."

"ಕೂದಲು ಮತ್ತೆ ಬೆಳೆಯೋಕೆ ಎಷ್ಟು ದಿನ ಬೇಕು?"

"ಆರು ತಿಂಗಳು ಸಾರ್, ಹೆಚ್ಚಂದ್ರೆ."

ಸಾಹೇಬರು ಬೆರಳು ಮಡಿಸಿದರು. "ಆರು ತಿಂಗಳಿಗೆ ಸರಿಯಾಗಿ ನಮ್ಮ ಸೀನಿಯಾರಿಟಿ ಪಟ್ಟಿ ಬರುತ್ತೆ. ಇವನು ಇಲ್ಲೇ ಇರಲಿ ಬಿಡಿ. ಇಲ್ಲಿನ ದೇವರಿಗೆ ಇಲ್ಲೇ ಬೆಳೆದ ಕೂದಲಾದರೆ ಒಳ್ಳೇದಲ್ವಾ?"

"ಖಂಡಿತ ಸಾರ್!" ಜಯಣ್ಣನ ಕಣ್ಣಲ್ಲಿ ನೀರು ಬಂತು. "ಆ ಕೋಣೆ ಪೂರ್ತಿ ಅವರಿಗೇ ಬಿಟ್ಟುಕೊಡ್ತೀವಿ. ಇವಳ ಮಿಷನ್ ಅಟ್ಟಕ್ಕೆ ಹಾಕಿಸಿದ್ರೆ ಜಾಗ ಬೇಕಾದಷ್ಟಾಗುತ್ತೆ. ಈಗ ಹೊಲಿಗೆನೂ ಅಷ್ಟಾಗಿ ಇಲ್ಲ, ಏನು ವನಜಾ?"

ವನಜಾಕ್ಷಿಯ ಕೈಯಲ್ಲಿ ಕಾಫಿಯ ಟ್ರೇ ಇತ್ತು. ಅದನ್ನು ನಿಧಾನವಾಗಿ ಟೀಪಾಯಿಯ ಮೇಲೆ ಇಟ್ಟಳು. ಒಂದು ಹನಿಯೂ ಚೆಲ್ಲಲಿಲ್ಲ, ಅದು ಅವಳಿಗೇ ಆಶ್ಚರ್ಯ.

"ಮುಡಿ ಅಲ್ಲ ಸಾರ್" ಎಂದಳು. "ಚಿಗಟ."

ಜಯಣ್ಣ ನಕ್ಕ. ಅಂಥ ನಗುವನ್ನು ಅವಳು ಅವನಿಂದ ಯಾವತ್ತೂ ಕೇಳಿರಲಿಲ್ಲ, ಬಾವಿಗೆ ಬಿಂದಿಗೆ ಬಿದ್ದಂತಿತ್ತು. "ತಮಾಷೆ ಮಾಡ್ತಾಳೆ ಸಾರ್..."

"ತಮಾಷೆ ಅಲ್ಲ. ಬೆಕ್ಕಿಗೆ ಮೈ ತುಂಬ ಚಿಗಟ ಆಗಿತ್ತು. ಮನೆ ತುಂಬ ಆಗಿತ್ತು. ಕೂದಲು ಗಂಟಾಗಿ ಹೊಟ್ಟೆ ಹುಣ್ಣಾಗಿತ್ತು. ನಾನೇ ಬೋಳಿಸಿದೆ. ಹರಕೆ ಯಾರೂ ಹೊತ್ತಿರಲಿಲ್ಲ." ಅವಳು ಇದನ್ನು ಸಾಹೇಬರಿಗೆ ಹೇಳುತ್ತಿರಲಿಲ್ಲ, ಬಾಗಿಲ ಕಡೆ ತಿರುಗಿ ಹೇಳುತ್ತಿದ್ದಳು. "ವರಲಕ್ಷ್ಮೀ, ನಿನ್ನ ಮಗಳನ್ನ ಕಚ್ಚಿದ್ದು ಇದೇ ಚಿಗಟ. ಅವತ್ತೇ ಹೇಳ್ಬೇಕಾಗಿತ್ತು, ಹೇಳ್ಲಿಲ್ಲ. ತಪ್ಪಾಯ್ತು. ಈಗ ಇಲ್ಲ. ನಾಲ್ಕು ದಿನ ಕುದಿಸಿ, ಒಣಗಿಸಿ, ಔಷಧಿ ಹಾಕಿದ್ದೀನಿ."

ಒಳಗಿನಿಂದ ನರಸಿಂಹಮ್ಮ "ಬುಡ್ತು ಅನ್ನೇ" ಎಂದದ್ದು ಕೇಳಿಸಿತು. ಸಾಹೇಬರ ಬೆರಳು ಬೆಕ್ಕಿನ ಜುಟ್ಟಿನಿಂದ ಹಿಂದೆ ಸರಿಯಿತು.

ಆಗ ಸಾಹೇಬರ ಹೆಂಡತಿ ನಕ್ಕುಬಿಟ್ಟಳು. ಬಾಯಿಗೆ ಕೈ ಅಡ್ಡ ಹಿಡಿದರೂ ನಿಲ್ಲಲಿಲ್ಲ.

"ಕ್ವಾರ್ಟರ್ಸ್‌ನಲ್ಲಿ ನನಗೆ ಆರು ತಿಂಗಳು ಕಚ್ಚಿತು ಅಕ್ಕ" ಎಂದಳು. "ಇವರು ಏನು ಹೇಳ್ತಿದ್ರು ಗೊತ್ತಾ? ಬೆವರುಸಾಲೆ ಅಂತ."

ಸಾಹೇಬರು ಜಯಣ್ಣನನ್ನು ನೋಡಿದರು. ಜಯಣ್ಣ ಸಾಹೇಬರನ್ನು ನೋಡಿದ. ಒಂದೇ ಕಡತದ ಎರಡು ಪ್ರತಿಗಳು ಎದುರುಬದುರಾದಂತಿತ್ತು. ಸಾಹೇಬರ ಹೆಂಡತಿ ಎದ್ದು ಬೋಳು ಬೆಕ್ಕನ್ನು ಎತ್ತಿ ಮಡಿಲಿಗೆ ಹಾಕಿಕೊಂಡಳು, ಅದರ ಹೊಟ್ಟೆ ತಿರುಗಿಸಿ ನೋಡಿದಳು. "ವಾಸಿಯಾಗ್ತಿದೆ. ಇನ್ನೇನೇನು ಮಾಡಬೇಕು ಹೇಳಿ, ಮನೆಗೆ ಕರ್ಕೊಂಡು ಹೋಗ್ತೀನಿ."

ವನಜಾಕ್ಷಿ ಹೇಳಿದಳು. ಹನಿ ತಿಂಗಳಿಗೊಮ್ಮೆ, ಬಾಚುವುದು ದಿನಾ, ಮುಖ ಮಾತ್ರ ಅಲ್ಲ. ಕಾರು ಹೊರಡುವಾಗ ಬೆಕ್ಕು ಹಿಂದಿನ ಗಾಜಿನಿಂದ ನೋಡುತ್ತಿತ್ತು, ಜುಟ್ಟು ಕಾರಿನ ಕುಲುಕಾಟಕ್ಕೆ ಅಲ್ಲಾಡುತ್ತಿತ್ತು. ಮೊಣಕೈಯೊಳಗೆ ಅದು ಮೂತಿ ಇಟ್ಟ ಜಾಗವನ್ನು ಅವಳು ಸುಮ್ಮನೆ ಒಮ್ಮೆ ಮುಟ್ಟಿಕೊಂಡಳು.

ಜಯಣ್ಣ ಅವಳೊಂದಿಗೆ ಮಾತು ಬಿಟ್ಟ. ಕಚೇರಿಯಲ್ಲಿ ಮಾತ್ರ ಹರಕೆಯ ಕಥೆ ಹೇಳುತ್ತಲೇ ಇದ್ದ, ಕೇಳುವವರೂ ಇದ್ದರು. ಅವನ ಕಡತ ಎಲ್ಲಿದೆ ಎಂದು ಅವಳು ಕೇಳಲಿಲ್ಲ. ಟ್ರಿಮ್ಮರನ್ನು ತೊಳೆದು ಬೀರುವಿನಲ್ಲಿ ಇಟ್ಟಿದ್ದಳು, ಅವನು ಕಟಿಂಗ್ ಶಾಪಿಗೆ ಹೋಗಿ ಗಡ್ಡ ಮಾಡಿಸಿಕೊಂಡು ಬರಲಾರಂಭಿಸಿದ.

ಮಂಗಳವಾರ ಬೀದಿ ಬಾಗಿಲ ಹತ್ತಿರ ನೆರಳು ಬಿತ್ತು. ವರಲಕ್ಷ್ಮಿ. ಕಂಕುಳಲ್ಲಿ ಬಟ್ಟೆಯ ಚೀಲ. ಹೊಸ್ತಿಲ ಆಚೆಯೇ ನಿಂತಳು.

"ಹೋಯ್ತಾ ವನಜಕ್ಕ?"

"ಹೋಯ್ತು."

"ಎಲ್ಲಾನೂ?"

ವನಜಾಕ್ಷಿ ಬಿಳಿ ಲೈನಿಂಗ್ ಬಟ್ಟೆಯನ್ನು ಕೊಡವಿ ಬಿಚ್ಚಿ ಚಾಪೆಯ ಮೇಲೆ ಹಾಸಿದಳು. ತಾನು ಒಂದು ತುದಿಗೆ ಕೂತಳು. "ಬಾ, ನೀನೇ ನೋಡ್ಕೋ."

ವರಲಕ್ಷ್ಮಿ ಚಪ್ಪಲಿ ಬಿಟ್ಟು ಬಂದು ಇನ್ನೊಂದು ತುದಿಗೆ ಕೂತಳು, ನೆರಿಗೆಯನ್ನು ಮಂಡಿಯ ಮೇಲೆ ಬಿಗಿಯಾಗಿ ಹಿಡಿದುಕೊಂಡು. ಇಬ್ಬರೂ ನಡುವಿನ ಬಿಳಿಯನ್ನು ನೋಡುತ್ತಾ ಕೂತರು. ಹೊರಗೆ ಸಿರಾ ಬಸ್ಸು ಹಾರನ್ ಹೊಡೆದು ಹೋಯಿತು. ಏನೋ ಕಪ್ಪಗೆ ಕಂಡು ಇಬ್ಬರೂ ಬಗ್ಗಿದರು. ದಾರದ ತುಂಡು.

ಸ್ವಲ್ಪ ಹೊತ್ತಿಗೆ ವರಲಕ್ಷ್ಮಿಯ ಕೈ ನೆರಿಗೆಯಿಂದ ಸಡಿಲವಾಯಿತು.

"ನಮ್ಮತ್ತಿಗೆ ತೋಳು ಹೆಂಗ್ ಹೊಲಿದವ್ಳೆ ನೋಡು, ಒಂದು ಮೇಲೆ ಒಂದು ಕೆಳಗೆ" ಎನ್ನುತ್ತಾ ಚೀಲ ಬಿಚ್ಚಿದಳು.

"ಬಿಚ್ಬೇಕಾಗುತ್ತೆ" ಎಂದು ವನಜಾಕ್ಷಿ ಕತ್ತರಿಗೆ ಕೈ ಚಾಚಿದಳು.